ಪಟಕ್ಕೆ ನಿಂತ ಗುಜರಾತ್

ಒಂದು ಊರಿನ ಭಾವಚಿತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿಟ್ಟರೆ ಆ ಊರಿನ ಸಮಾಜ ಬದಲಾದ ಬಗೆ ಕಣ್ಣಿಗೇ ಕಾಣುತ್ತದೆ. ಮುಂಡಾಸು ಹೋಗಿ ಟೋಪಿ ಬರುತ್ತದೆ, ಟೋಪಿಯೂ ಹೋಗಿ ಬರಿತಲೆ ಉಳಿಯುತ್ತದೆ. ಗಂಡನ ಹಿಂದೆ ನಿಂತಿದ್ದ ಹೆಂಡತಿ ಪಕ್ಕದ ಕುರ್ಚಿಗೆ ಬರುತ್ತಾಳೆ. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಪಟದಲ್ಲಿ ಯಾರಿರಬೇಕು, ಅವರು ಹೇಗೆ ಕಾಣಬೇಕು ಎಂದು ತೀರ್ಮಾನಿಸುವ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ್ದೇ ಆ ಬದಲಾವಣೆ. ಅಹಮದಾಬಾದ್, ವಡೋದರ, ಸೂರತ್ ನಗರಗಳಲ್ಲಿ ಆ ಅಧಿಕಾರ ಸರಕಾರದಿಂದ ಅರಮನೆಗೆ, ಅರಮನೆಯಿಂದ ವರ್ತಕರ ಮನೆಗೆ, ಅಲ್ಲಿಂದ ಬೀದಿಬದಿಯಲ್ಲಿ ತರಕಾರಿ ಮಾರುವ ಹೆಂಗಸಿನವರೆಗೂ ಬಂತು. ಆ ದಾರಿ ಸುಮಾರು ನೂರೈವತ್ತು ವರ್ಷಗಳದು.

1839ರಲ್ಲಿ ಪ್ಯಾರಿಸ್ಸಿನಲ್ಲಿ ಬಹಿರಂಗಗೊಂಡ ಛಾಯಾಗ್ರಹಣ ಒಂದೆರಡು ವರ್ಷಗಳಲ್ಲೇ ಭಾರತಕ್ಕೆ ಬಂತು. 1854ರಲ್ಲಿ ಮುಂಬಯಿಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಬ್ರಿಟಿಷ್ ಆಳ್ವಿಕೆಯ ಗುಜರಾತಿಗೆ ಆಗ ಮುಂಬಯಿಯೇ ರಾಜಧಾನಿ. ಆದ್ದರಿಂದ ಕ್ಯಾಮೆರಾ ಕೂಡ ಅಲ್ಲಿಂದಲೇ ಬಂತು. ಆ ಕಾಲದಲ್ಲಿ ಗಾಜಿನ ಪ್ಲೇಟಿಗೆ ಅಂಟು ರಾಸಾಯನಿಕ ಬಳಿದು, ಅದು ಒಣಗುವ ಮುನ್ನವೇ ಪಟ ತೆಗೆದು, ಕೂಡಲೇ ಕತ್ತಲೆಕೋಣೆಯಲ್ಲಿ ತೊಳೆಯಬೇಕಿತ್ತು. ಬೆಳಕು ಕಡಿಮೆಯಿದ್ದರೆ ಹಲವು ಸೆಕೆಂಡುಗಳ ಕಾಲ ಅಲುಗಾಡದೆ ಕೂರಬೇಕು. ಅದಕ್ಕೆಂದೇ ಕತ್ತಿನ ಹಿಂದೆ ಕಾಣದಂತೆ ಕಬ್ಬಿಣದ ಆನಿಕೆ ಇಡುತ್ತಿದ್ದರು. ಹಳೆಯ ಪಟಗಳಲ್ಲಿ ಯಾರೂ ನಗುವುದಿಲ್ಲ ಎಂಬುದಕ್ಕೆ ಈ ಕಷ್ಟ ಒಂದು ಕಾರಣ. ದೊಡ್ಡವರು ಗಂಭೀರವಾಗಿಯೇ ಕಾಣಬೇಕೆಂಬ ರೂಢಿ ಇನ್ನೊಂದು ಕಾರಣ.

ಗುಜರಾತಿನ ಜನರನ್ನು ಮೊದಲು ವ್ಯವಸ್ಥಿತವಾಗಿ ಪಟಕ್ಕೆ ನಿಲ್ಲಿಸಿದವರು ಅವರನ್ನು ವ್ಯಕ್ತಿಗಳೆಂದು ನೋಡಲಿಲ್ಲ. ವಿಲಿಯಂ ಜಾನ್ಸನ್ ಎಂಬ ಆಂಗ್ಲ ಛಾಯಾಗ್ರಾಹಕ ಮುಂಬಯಿಯ ನಿವಾಸಿಗಳನ್ನೂ ಅಲ್ಲಿಗೆ ಬಂದುಹೋಗುವವರನ್ನೂ ಕುರಿತು ಎರಡು ಸಂಪುಟ ಹೊರತಂದ. 1863ರ ಮೊದಲ ಸಂಪುಟ ಗುಜರಾತ್, ಕಛ್ ಮತ್ತು ಕಾಠಿಯಾವಾಡಗಳಿಗೇ ಮೀಸಲು. ನಾಗರ ಬ್ರಾಹ್ಮಣರು, ವಾಣಿಯರು, ಭಾಟಿಯಾಗಳು ಹೀಗೆ ಪ್ರತಿ ಸಮುದಾಯಕ್ಕೂ ಅದರಲ್ಲಿ ಪಟವಿದೆ. ಕೆಳಗೆ ಬರೆದಿರುವುದು ಜಾತಿಯ ಹೆಸರು, ಕೂತವರ ಹೆಸರಲ್ಲ. ಜನರನ್ನು ಸ್ಟುಡಿಯೊದಲ್ಲಿ ಕೂರಿಸಿ ತೆಗೆದು, ಬೇರೊಂದು ಕಡೆ ತೆಗೆದ ಕಟ್ಟಡ ಇಲ್ಲವೆ ಬಯಲಿನ ದೃಶ್ಯವನ್ನು ಹಿಂದೆ ಸೇರಿಸಿದ ಪಟಗಳು ಅದರಲ್ಲಿವೆ. ಅಂದರೆ ಸುಳ್ಳು ಹಿನ್ನೆಲೆ ಈಗಿನ ಕಂಪ್ಯೂಟರಿನ ಕಾಣಿಕೆಯಲ್ಲ. ಅದು ಛಾಯಾಚಿತ್ರದಷ್ಟೇ ಹಳೆಯದು.

1868ರಿಂದ 1875ರವರೆಗೆ ಸರಕಾರವೇ ಎಂಟು ಸಂಪುಟಗಳಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಮಾಲೆಯನ್ನು ಪ್ರಕಟಿಸಿತು. 1857ರ ದಂಗೆಯ ಬಳಿಕ ತಾನು ಆಳುವ ಜನರನ್ನು ಗುರುತು ಹಿಡಿದು ವಿಂಗಡಿಸುವ ಹಂಬಲ ಅದರ ಹಿಂದಿತ್ತು. ಇದೇ ಹೊತ್ತಿಗೆ, 1866ರಲ್ಲಿ, ಕರ್ನಲ್ ಬಿಗ್ಸ್ ತೆಗೆದ ಅಹಮದಾಬಾದಿನ ವಾಸ್ತುಶಿಲ್ಪದ ಚಿತ್ರಗಳು ಗ್ರಂಥವಾಗಿ ಬಂದವು. ಸೂರತ್, ಭರೂಚ್ ಮುಂತಾದ ಹಳೆಯ ಪಟ್ಟಣಗಳ ಚಿತ್ರಗಳ ಗ್ರಂಥ 1868ರಲ್ಲಿ ಬಂತು. ಇಂಥ ಗ್ರಂಥಗಳ ವಿಷಯ ಮಸೀದಿ, ಬಾವಿ, ಗೋರಿ. ನಗರದಲ್ಲಿ ಬದುಕಿದ್ದ ಜನರಲ್ಲ.

ಈ ಕ್ರಮ ಮೊದಲು ತಿರುವು ಪಡೆದದ್ದು ಬರೋಡ ಸಂಸ್ಥಾನದಲ್ಲಿ. ವಡೋದರ ನಗರ ಅದರ ರಾಜಧಾನಿ. 1875ರಲ್ಲಿ ಅಲ್ಲಿನ ಮಹಾರಾಜ ಮಲ್ಹಾರರಾವ್ ಗಾಯಕವಾಡನನ್ನು ಬ್ರಿಟಿಷರು ಪದಚ್ಯುತಗೊಳಿಸಿದರು. ನಾಸಿಕದ ಕಡೆಯ ಕವಳಾಣಾ ಗ್ರಾಮದ ರೈತ ಮನೆತನದ ಹನ್ನೆರಡು ವರ್ಷದ ಹುಡುಗನನ್ನು ದತ್ತು ತೆಗೆದುಕೊಳ್ಳಲಾಯಿತು. ಅವನೇ ಮುಂದೆ ಮೂರನೆಯ ಸಯಾಜಿರಾವ್. ಹಳ್ಳಿಯ ಹುಡುಗ ಹುಟ್ಟುರಾಜನಂತೆ ಕಾಣಬೇಕಾಗಿದ್ದ ಆ ವರ್ಷಗಳಲ್ಲಿ ಭಾವಚಿತ್ರಕ್ಕೆ ರಾಜಕೀಯ ಕೆಲಸವಿತ್ತು. ಬಾಲ್ಯದ ಚಿತ್ರಗಳಲ್ಲಿ ಆತ ಒಡವೆಗಳ ಭಾರದಲ್ಲಿ ಮುಳುಗಿಹೋಗಿದ್ದಾನೆ. ದಿವಾನರಾಗಿದ್ದ ಟಿ. ಮಾಧವರಾವ್ ಅವರ ಮೂಲಕ ಚಿತ್ರಕಾರ ರಾಜಾ ರವಿವರ್ಮ 1881–82ರಲ್ಲಿ ಬರೋಡಕ್ಕೆ ಬಂದರು. ಪಟ್ಟಾಭಿಷೇಕದ ಸಂದರ್ಭವನ್ನೂ ರಾಜಮನೆತನದವರ ಭಾವಚಿತ್ರಗಳನ್ನೂ ಬರೆದರು. ತೈಲಚಿತ್ರ ಬರೆಯಲು ಅವರು ಫೋಟೊಗಳ ನೆರವನ್ನೂ ಪಡೆಯುತ್ತಿದ್ದರು. ಹೀಗೆ ಕ್ಯಾಮೆರಾದ ನೋಟ ಕುಂಚಕ್ಕೆ ಇಳಿಯಿತು, ಕುಂಚ ಕಲಿಸಿದ ಠೀವಿ ಸ್ಟುಡಿಯೊಗಳಿಗೆ ಮರಳಿತು.

ವಯಸ್ಸಾದಂತೆ ಸಯಾಜಿರಾಯರ ಪಟಗಳಲ್ಲಿ ಒಡವೆ ಕಡಿಮೆಯಾಗುತ್ತ ಹೋಗುತ್ತದೆ, ಬಿಳಿಯ ಉಡುಪು ಸರಳವಾಗುತ್ತದೆ. 1911ರ ಡಿಸೆಂಬರಿನ ದೆಹಲಿ ದರ್ಬಾರಿನಲ್ಲಿ ಅವರು ಐದನೆಯ ಜಾರ್ಜ್ ದೊರೆಗೆ ವಂದಿಸಿದ ರೀತಿ ಸಾಲದಾಯಿತು, ಬೆನ್ನು ತಿರುಗಿಸಿ ನಡೆದರು, ಆಭರಣ ತೊಡಲಿಲ್ಲ ಎಂದು ದೊಡ್ಡ ಗದ್ದಲವೆದ್ದಿತು. ಆ ಸಮಾರಂಭದ ಚಲನಚಿತ್ರ ಲಂಡನ್ನಿನ ಚಿತ್ರಮಂದಿರಗಳಲ್ಲಿ ಓಡಿತು. ರಾಜನ ಮೈಚಲನೆಯನ್ನು ಜನ ಪರದೆಯ ಮೇಲೆ ನೋಡಿ ತೀರ್ಪು ಕೊಡುವ ಕಾಲ ಬಂದಿತ್ತು.

ಅದೇ ಅರಮನೆಯ ಹೆಂಗಸರ ಪಟಗಳೂ ಒಂದು ಚರಿತ್ರೆ. ತಂಜಾವೂರಿನಿಂದ ಬಂದ ಸಯಾಜಿರಾಯರ ಮೊದಲ ಪತ್ನಿ, ಮೊದಲನೆಯ ಚಿಮಣಾಬಾಯಿ, 1885ರಲ್ಲಿ ತೀರಿಕೊಂಡರು. ಎರಡನೆಯ ಪತ್ನಿ, ಎರಡನೆಯ ಚಿಮಣಾಬಾಯಿ, ಕಚ್ಚೆ ಸೀರೆಯ ಮರಾಠಿ ರಾಣಿಯಾಗಿಯೇ ಉಳಿದರೂ ಪರದೆಯಿಂದ ಹೊರಬಂದರು. ಭಾರತೀಯ ನಾರಿಯ ಸ್ಥಾನಮಾನ ಕುರಿತ ಪುಸ್ತಕಕ್ಕೆ ಸಹಲೇಖಕಿಯಾದರು. 1927ರಲ್ಲಿ ಪುಣೆಯಲ್ಲಿ ನಡೆದ ಮೊದಲ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಅವರ ಮಗಳು ಇಂದಿರಾ ಕೂಚ್ ಬಿಹಾರದ ಸೊಸೆಯಾಗಿ ಹೋಗಿ, ಫ್ರೆಂಚ್ ಶಿಫಾನ್ ಸೀರೆಯನ್ನು ಬಳಕೆಗೆ ತಂದವರೆಂದು ಹೆಸರಾದರು. ಪರದೆಯ ಒಳಗಿನ ಅಂತಃಪುರದಿಂದ ಶಿಫಾನ್ ಸೀರೆಯವರೆಗಿನ ಈ ದೂರವನ್ನು ಒಂದೇ ಮನೆತನದ ಆಲ್ಬಮ್ ಐವತ್ತು ವರ್ಷಗಳೊಳಗೆ ದಾಟಿತು.

ಕ್ಯಾಮೆರಾ ಕಸುಬಾಗಿ ಸಾಮಾನ್ಯರಿಗೆ ದಕ್ಕಿದ್ದರಲ್ಲೂ ಬರೋಡದ ಪಾಲಿದೆ. ಸೂರತ್ತಿನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ಟಿ.ಕೆ. ಗಜ್ಜರ್ ಅವರ ಮುಂದಾಳುತನದಲ್ಲಿ 1890ರಲ್ಲಿ ಕಲಾಭವನವೆಂಬ ಕೈಗಾರಿಕಾ ಶಿಕ್ಷಣ ಶಾಲೆ ಅಲ್ಲಿ ತೆರೆಯಿತು. ಮುಂದೆ ಭಾರತೀಯ ಚಿತ್ರರಂಗದ ಪಿತಾಮಹರೆನಿಸಿದ ದಾದಾಸಾಹೇಬ್ ಫಾಲ್ಕೆ ಅಲ್ಲಿ ಕಲಿತು, ಗೋಧ್ರಾದಲ್ಲಿ ಫೋಟೊ ಸ್ಟುಡಿಯೊ ಇಟ್ಟರು. ಪ್ಲೇಗ್ ಮಾರಿಗೆ ಹೆಂಡತಿ, ಮಗು ಬಲಿಯಾದ ಮೇಲೆ ಆ ಊರನ್ನು ಬಿಟ್ಟರು. ಪಟ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂಬ ಭಯ ಆಗ ಕನ್ನಡ ನಾಡಿನಲ್ಲಿದ್ದಂತೆ ಗುಜರಾತಿನಲ್ಲೂ ಇತ್ತು. ಅದು ಫಾಲ್ಕೆಯವರ ಕಸುಬಿಗೂ ಅಡ್ಡಿಯಾಯಿತೆಂದು ಅವರ ಜೀವನಚರಿತ್ರೆ ಹೇಳುತ್ತದೆ.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಭಯ ಹೋಗಿ ಪಟ ತೆಗೆಸುವುದು ಮರ್ಯಾದೆಯ ಸಂಗತಿಯಾಯಿತು. ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲ್ 1861ರಲ್ಲಿ ಮೊದಲ ಬಟ್ಟೆ ಗಿರಣಿ ನಡೆಸತೊಡಗಿದ ಮೇಲೆ ಗಿರಣಿ ಮಾಲಿಕರ ಹೊಸ ವರ್ಗವೊಂದು ಬೆಳೆದಿತ್ತು. ಸ್ಟುಡಿಯೊಗಳ ನಿಯಮ ಎಲ್ಲೆಡೆ ಒಂದೇ: ಕಂಬ, ಮೆಟ್ಟಿಲು, ಉದ್ಯಾನ ಬರೆದ ಪರದೆ. ಪಕ್ಕದಲ್ಲಿ ಹೂದಾನಿಯ ಮೇಜು, ಕೈಯಲ್ಲಿ ಪುಸ್ತಕ ಅಥವಾ ಊರುಗೋಲು. ಯಜಮಾನ ನಡುವೆ, ಮಕ್ಕಳು ಮುಂದೆ, ಸೊಸೆಯಂದಿರು ಅಂಚಿಗೆ. ತಲೆಯ ಉಡುಗೆಯೇ ಗುರುತಿನ ಚೀಟಿ. ನಾಗರರ ಪಗಡಿ, ವಾಣಿಯರ ಸುತ್ತುಮುಂಡಾಸು, ಪಾರ್ಸಿಗಳ ಗಟ್ಟಿ ಪಗಡಿ, ಮರಾಠಿ ಸರದಾರರ ಪೇಟ ಇವನ್ನು ಕಂಡ ಕೂಡಲೇ ಅಂದಿನ ನೋಡುಗನಿಗೆ ಜಾತಿ, ಊರು, ಅಂತಸ್ತು ಮೂರೂ ತಿಳಿಯುತ್ತಿದ್ದವು.

ಈ ನಗರಗಳ ವೈಷ್ಣವ ವರ್ತಕರಲ್ಲಿ ಭಾವಚಿತ್ರದ ಇನ್ನೊಂದು ಬಗೆ ಬಳಕೆಯಲ್ಲಿತ್ತು. ಪುಷ್ಟಿಮಾರ್ಗ ಪಂಥದ ಭಕ್ತರು ರಾಜಸ್ಥಾನದ ನಾಥದ್ವಾರಕ್ಕೆ ಯಾತ್ರೆ ಹೋಗಿ ಶ್ರೀನಾಥಜಿಗೆ ಸೇವೆ ಸಲ್ಲಿಸಿದಾಗ ಅದರ ನೆನಪಿಗೆ 'ಮನೋರಥ' ಎಂಬ ಚಿತ್ರ ಬರೆಸುತ್ತಿದ್ದರು. ದೇವರು, ಅರ್ಚಕರು, ನೈವೇದ್ಯದ ರಾಶಿ ಎಲ್ಲವೂ ಬಣ್ಣದ ಬರವಣಿಗೆ. ಎರಡೂ ಕಡೆ ಕೈಮುಗಿದು ನಿಂತ ಯಜಮಾನ ಕುಟುಂಬದ ಮುಖಗಳು ಮಾತ್ರ ಫೋಟೊದಿಂದ ಕತ್ತರಿಸಿ ಅಂಟಿಸಿದವು. ದೇವರನ್ನು ಕಲಾವಿದ ಪರಂಪರೆಯ ಪ್ರಕಾರ ಬರೆಯಬೇಕು, ಭಕ್ತನ ಮುಖ ಮಾತ್ರ ಇದ್ದದ್ದು ಇದ್ದಂತೆ ಬರಬೇಕು. ಹೊಸ ಯಂತ್ರವನ್ನು ಹಳೆಯ ಭಕ್ತಿಗೆ ಇಷ್ಟು ಸಲೀಸಾಗಿ ಒಗ್ಗಿಸಿದ ಉದಾಹರಣೆಗಳು ಅಪರೂಪ.

ಸೀರೆಯುಡುವ ರೀತಿ ಬದಲಾದದ್ದನ್ನೂ ಪಟಗಳು ಹಿಡಿದಿಟ್ಟಿವೆ. ಭಾರತೀಯರಲ್ಲಿ ಮೊದಲ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟ್ಯಾಗೋರ್ ಅಹಮದಾಬಾದಿನಲ್ಲಿ ಕೆಲಸದಲ್ಲಿದ್ದರು. 1878ರಲ್ಲಿ ತಮ್ಮ ರವೀಂದ್ರನಾಥರು ಅವರ ಶಾಹಿಬಾಗ್ ಬಂಗಲೆಯಲ್ಲೇ ಕೆಲವು ತಿಂಗಳು ಇದ್ದರು. ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿ ಪಶ್ಚಿಮ ಭಾರತದಲ್ಲಿದ್ದಾಗ ಪಾರ್ಸಿ ಹೆಂಗಸರು ಸೀರೆಯುಡುವ ಕ್ರಮವನ್ನು ನೋಡಿ, ರವಿಕೆ ಸಹಿತ ಹೊರಗೆ ಓಡಾಡಲು ಒಗ್ಗುವಂಥ ಉಡುಗೆಯೊಂದನ್ನು ರೂಪಿಸಿ ಬಂಗಾಳಕ್ಕೆ ಒಯ್ದರು. ಅದೇ ಕಾಲದಲ್ಲಿ ಬಲಹೆಗಲಿನ ಮೇಲಿಂದ ಸೆರಗನ್ನು ಎದೆಗೆ ತರುವ ಗುಜರಾತಿ ಪದ್ಧತಿ ಮನೆಯ ಪಟಗಳಲ್ಲಿ ಮುಂದುವರಿದಿತ್ತು. ಕಾಲೇಜಿಗೆ ಹೋದ ಮೊಮ್ಮಕ್ಕಳ ಪಟಗಳಲ್ಲಿ ಸೆರಗು ಎಡಹೆಗಲಿಗೆ ಸರಿಯಿತು.

ಪಾರ್ಸಿಗಳ ದೊಡ್ಡ ನೆಲೆಯಾಗಿದ್ದ ಸೂರತ್ತಿನ ಪಟಗಳಲ್ಲಿ ಅಜ್ಜಿಯರ ತಲೆಗೆ ಕಟ್ಟಿದ ಬಿಳಿ ವಸ್ತ್ರ 'ಮಾಥಾಬಾನಾ' ಇದೆ. ಚೀನಾದ ಕಸೂತಿಯ 'ಗಾರಾ' ಸೀರೆ ಇದೆ. ಮೊಮ್ಮಕ್ಕಳ ಕಾಲಕ್ಕೆ ಬಾಬ್ ಮಾಡಿದ ಕೂದಲು, ಫ್ರಾಕು ಬರುತ್ತವೆ. ಆದರೆ ಬದಲಾವಣೆ ಯಾವಾಗಲೂ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಅದೇ ಸೂರತ್ತಿನಲ್ಲಿ ವಿದ್ಯಾಪೀಠ ಹೊಂದಿರುವ ದಾವೂದಿ ಬೋಹ್ರಾ ಸಮುದಾಯದ ಆಲ್ಬಮ್‌ಗಳಲ್ಲಿ 1960ರ ದಶಕದ ಹೆಂಗಸರು ಸೀರೆಯಲ್ಲಿ ಕಾಣುತ್ತಾರೆ. ಧರ್ಮಗುರುಗಳು ಪ್ರತ್ಯೇಕ ಉಡುಪಿಗೆ ಒತ್ತು ಕೊಟ್ಟ ಮೇಲೆ, 1980ರ ದಶಕದ ಹೊತ್ತಿಗೆ, ಹೆಣ್ಣುಮಕ್ಕಳು ಬಣ್ಣದ 'ರಿದಾ'ದಲ್ಲಿ, ಗಂಡಸರು ಜರಿಯಂಚಿನ ಬಿಳಿ ಟೋಪಿಯಲ್ಲಿ ನಿಲ್ಲುತ್ತಾರೆ. ತಾರೀಖು ತಿಳಿಯದೆ ಇಂಥ ಎರಡು ಪಟಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಹಳೆಯದೆಂದು ತಪ್ಪಾಗಿ ಹೇಳುವ ಸಂಭವವೇ ಹೆಚ್ಚು.

ಬಟ್ಟೆಯೇ ರಾಜಕೀಯ ಹೇಳಿಕೆಯಾಗಬಲ್ಲದು ಎಂಬುದನ್ನು ಗಾಂಧೀಜಿಯ ಪಟಗಳಷ್ಟು ಸ್ಪಷ್ಟವಾಗಿ ಬೇರಾವುವೂ ತೋರಿಸಲಾರವು. ಜೊಹಾನ್ಸ್‌ಬರ್ಗಿನ ವಕೀಲ ಕೋಟು, ಟೈ ತೊಟ್ಟಿದ್ದಾನೆ. 1915ರಲ್ಲಿ ಕಸ್ತೂರಬಾ ಜೊತೆ ತೆಗೆಸಿಕೊಂಡ ಪಟದಲ್ಲಿ ಕಾಠಿಯಾವಾಡಿ ಪಗಡಿ, ಧೋತ್ರ. ಅದೇ ವರ್ಷ ಅಹಮದಾಬಾದಿನ ಕೋಚರಬ್‌ನಲ್ಲಿ ಆಶ್ರಮ ಆರಂಭವಾಗಿ 1917ರಲ್ಲಿ ಸಾಬರಮತಿ ದಡಕ್ಕೆ ಬಂತು. ಕೆಲವು ವರ್ಷಗಳಲ್ಲಿ ಪಗಡಿ ಹೋಗಿ ಬಿಳಿ ಖಾದಿ ಟೋಪಿ ಬಂತು. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತುಂಡುಪಂಚೆಯಷ್ಟೇ ಉಳಿಯಿತು. ಜಾತಿ ಹೇಳುತ್ತಿದ್ದ ಮುಂಡಾಸುಗಳ ಜಾಗಕ್ಕೆ ಎಲ್ಲರಿಗೂ ಒಂದೇ ಎನ್ನುವ ಟೋಪಿ ಬಂದದ್ದು ಅಹಮದಾಬಾದಿನ ಸಭೆಗಳ, ಸಂಘಗಳ ಗುಂಪುಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಗಾಂಧೀಜಿ ಪಟಕ್ಕೆಂದು ಭಂಗಿ ಕೊಡುತ್ತಿರಲಿಲ್ಲ. ಬಂಧುವಾದ ಕನು ಗಾಂಧಿಯವರಿಗೆ ಕ್ಯಾಮೆರಾ ಹಿಡಿಯಲು ಅನುಮತಿ ಸಿಕ್ಕಿದ್ದು ಮೂರು ಷರತ್ತುಗಳ ಮೇಲೆ: ಫ್ಲಾಶ್ ಬಳಸಬಾರದು, ಹೀಗೆ ನಿಲ್ಲಿ ಎನ್ನಬಾರದು, ಆಶ್ರಮದಿಂದ ಹಣ ಕೇಳಬಾರದು. ಸ್ಟುಡಿಯೊದ ಕಾನೂನನ್ನೆಲ್ಲ ಈ ಮೂರು ಷರತ್ತುಗಳು ತಲೆಕೆಳಗು ಮಾಡಿದವು.

ಗಾಂಧೀಜಿಯ ಪ್ರೇರಣೆಯಿಂದ ಮೃದುಲಾ ಸಾರಾಭಾಯಿ 1934ರಲ್ಲಿ ಅಹಮದಾಬಾದಿನಲ್ಲಿ ಜ್ಯೋತಿ ಸಂಘ ಕಟ್ಟಿದರು. 1937ರಲ್ಲಿ ಆ ಸಂಸ್ಥೆ ದುಡಿಯುವ ಹೆಂಗಸರ ಪಟ ತೆಗೆಯುವ ಕೆಲಸವನ್ನು ಯುವ ಛಾಯಾಗ್ರಾಹಕ ಪ್ರಾಣಲಾಲ್ ಪಟೇಲರಿಗೆ ವಹಿಸಿತು. ಬೀದಿಯಲ್ಲಿ, ಮಾರುಕಟ್ಟೆಯಲ್ಲಿ, ಮನೆಯಂಗಳದಲ್ಲಿ ದುಡಿಮೆಯ ನಡುವೆಯೇ ಇರುವ ಹೆಂಗಸರು ಈ ಪಟಗಳಲ್ಲಿದ್ದಾರೆ. ಬಣ್ಣದ ಪರದೆಯಿಲ್ಲ, ಎರವಲು ಕುರ್ಚಿಯಿಲ್ಲ. ಜಾನ್ಸನ್ನನ ಸಂಪುಟದಲ್ಲಿ ಜಾತಿಯ ಮಾದರಿಯಾಗಿದ್ದ ಹೆಣ್ಣು ಇಲ್ಲಿ ಕಸುಬಿನ ಒಡತಿ. 1910ರಲ್ಲಿ ಹುಟ್ಟಿದ ಪಟೇಲರು ನೂರು ದಾಟಿ ಬದುಕಿ 2014ರಲ್ಲಿ ತೀರಿಕೊಂಡರು. ಅದೇ ವರ್ಷ ಈ ಪಟಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಪ್ರದರ್ಶನಗೊಂಡವು.

ಕ್ಯಾಮೆರಾದ ಹಿಂದೆಯೂ ಹೆಣ್ಣು ನಿಂತಳು. ಸೂರತ್ತಿಗೆ ಸಮೀಪದ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದ ಹೋಮಾಯ್ ವ್ಯಾರವಾಲಾ ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಮುಂಬಯಿಯಲ್ಲಿ ತಮ್ಮೊಡನೆ ಓದುತ್ತಿದ್ದ ಯುವತಿಯರ ಪಟಗಳಿಂದ ಮೊದಲುಗೊಂಡು, ದೆಹಲಿಯಲ್ಲಿ ಸ್ವಾತಂತ್ರ್ಯದ ಹೊತ್ತಿನ ನಾಯಕರನ್ನೆಲ್ಲ ಸೆರೆಹಿಡಿದರು. 1970ರಲ್ಲಿ ಕಸುಬು ಬಿಟ್ಟರು. ಜೀವನದ ಕೊನೆಯ ಮೂರು ದಶಕ ವಡೋದರದಲ್ಲಿದ್ದು, ಪದ್ಮವಿಭೂಷಣ ಪಡೆದ ಮರುವರ್ಷ, 2012ರಲ್ಲಿ, ಅಲ್ಲೇ ನಿಧನರಾದರು.

ವಡೋದರಕ್ಕೆ ಇನ್ನೊಂದು ಹಿರಿಮೆಯೂ ಇದೆ. ಅಲ್ಲಿನ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮೆರಾ ಸಾವಿರಾರು ಭಾರತೀಯ ಕುಟುಂಬಗಳ ಮೊದಲ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡು ಚೌಕ ಪಟ. ಹೊಂದಿಸಲು ಹೆಚ್ಚೇನೂ ಇರಲಿಲ್ಲ. ಬೆನ್ನಿಗೆ ಬಿಸಿಲಿಟ್ಟುಕೊಂಡು ನಿಂತು ಒತ್ತಿದರಾಯಿತು. ಇದರಿಂದ ಪಟ ಸ್ಟುಡಿಯೊ ಬಿಟ್ಟು ಮನೆಯಂಗಳಕ್ಕೆ, ಪ್ರವಾಸಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ಬಂತು. ಮೊದಲ ಬಾರಿಗೆ ಜನ ನಗುತ್ತ, ಅಲುಗಾಡುತ್ತ, ಅರ್ಧ ತಲೆ ಕತ್ತರಿಸಿಹೋದಂತೆ ಆಲ್ಬಮ್‌ಗಳಲ್ಲಿ ಸೇರಿದರು. ಪಟ ತೆಗೆದವರು ಸ್ವತಃ ಪಟದಲ್ಲಿ ಇಲ್ಲದಿರುವುದೂ ಈ ಕಾಲದ ಲಕ್ಷಣ. ಅನೇಕ ಮನೆಗಳಲ್ಲಿ ಹೀಗೆ ಕಾಣೆಯಾಗಿರುವವನು ಅಪ್ಪ.

ಅಹಮದಾಬಾದಿನ ಬಡ ಹೆಂಗಸಿಗೆ ಪಟ ಸಿಕ್ಕಿದ್ದು ಬೇರೆ ದಾರಿಯಿಂದ. ಇಳಾ ಭಟ್ 1972ರಲ್ಲಿ ಸ್ವಉದ್ಯೋಗಿ ಮಹಿಳೆಯರ ಸಂಘಟನೆ 'ಸೇವಾ'ವನ್ನು ಕಟ್ಟಿದರು. 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ಸೇವಾ ಬ್ಯಾಂಕ್ ಆರಂಭಿಸಿದರು. ಬಹುಪಾಲು ಸದಸ್ಯರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಅದಕ್ಕೆ ಉಪಾಯವೆಂದರೆ, ಖಾತೆಯ ಸಂಖ್ಯೆ ಬರೆದ ಸ್ಲೇಟನ್ನು ಕೈಯಲ್ಲಿ ಹಿಡಿದ ಸದಸ್ಯೆಯ ಫೋಟೊ. ಆ ಫೋಟೊವೇ ಅವಳ ಸಹಿ. ಪೊಲೀಸರು ಆರೋಪಿಗಳನ್ನು ಹೀಗೆಯೇ ಹಲಗೆ ಹಿಡಿಸಿ ನಿಲ್ಲಿಸಿ ಪಟ ತೆಗೆಯುತ್ತಿದ್ದರು. ಇಲ್ಲಿ ಅದೇ ಭಂಗಿ ಹಳೆ ಬಟ್ಟೆ ಮಾರುವವಳಿಗೂ ತಲೆಹೊರೆಯವಳಿಗೂ ಉಳಿತಾಯದ ಹಕ್ಕನ್ನು ಕೊಟ್ಟಿತು. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿ ತಂದಿತು, 2010ರಿಂದ ಆಧಾರ್ ಬಂತು. ಮಾವನ ಮುಂದೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದ ಸೊಸೆ ಕೂಡ ಸರಕಾರದ ಕ್ಯಾಮೆರಾದೆದುರು ಮುಖ ತೆರೆದು ಕೂರಬೇಕಾಯಿತು.

ವಲಸೆಯ ಚರಿತ್ರೆಯೂ ಪಟಗಳಲ್ಲೇ ಇದೆ. 1920ರಲ್ಲಿ ಭಾರತದ ಪಾಸ್‌ಪೋರ್ಟ್ ಕಾಯಿದೆ ಬಂದ ಮೇಲೆ ಪೂರ್ವ ಆಫ್ರಿಕಾಕ್ಕೆ ಹೊರಟ ಗುಜರಾತಿಗೆ ಪಟ ಅನಿವಾರ್ಯವಾಯಿತು. 1972ರಲ್ಲಿ ಇದಿ ಅಮೀನ್ ಏಷ್ಯನ್ನರನ್ನು ಉಗಾಂಡದಿಂದ ಹೊರಹಾಕಿದಾಗ ಅನೇಕ ಗುಜರಾತಿ ಕುಟುಂಬಗಳು ಬ್ರಿಟನ್ ಸೇರಿದವು. ಛಾಯಾಗ್ರಾಹಕಿ ಕೇತಕಿ ಶೇಠ್ ಅವರು ಬ್ರಿಟನ್ ಮತ್ತು ಗುಜರಾತಿನ ಪಟೇಲ್ ಅವಳಿಗಳ ಪಟಗಳನ್ನು ತೆಗೆದು 'ಟ್ವಿನ್‌ಸ್ಪಾಟಿಂಗ್' ಎಂಬ ಪುಸ್ತಕ ಮಾಡಿದರು. ಒಂದೇ ಕುಲನಾಮದ ಜನ ಎರಡು ದೇಶಗಳಲ್ಲಿ ಎಷ್ಟು ಬೇರೆಯಾದರು, ಎಷ್ಟು ಹಾಗೆಯೇ ಉಳಿದರು ಎಂಬುದಕ್ಕೆ ಅದು ದಾಖಲೆ. ಊರಿನಲ್ಲಿ ತೀರಿಕೊಂಡವರ ಪಟ ಗಂಧದ ಚಕ್ಕೆಯ ಹಾರ ಹೊತ್ತು ಗೋಡೆಗೇರುತ್ತದೆ. ಗುಜರಾತಿ ದಿನಪತ್ರಿಕೆಗಳಲ್ಲಿ 'ಬೆಸಣುಂ' ಎಂಬ ಸಂತಾಪ ಸಭೆಯ ಜಾಹೀರಾತುಗಳು ಪುಟಗಟ್ಟಲೆ ಬರುತ್ತವೆ. ಪ್ರತಿಯೊಂದರಲ್ಲೂ ಒಂದು ಮುಖ, ಕೆಳಗೆ ವಿದೇಶದ ಊರುಗಳ ಸಹಿತ ಮಕ್ಕಳು ಮೊಮ್ಮಕ್ಕಳ ಹೆಸರು. ಬದುಕಿದ್ದಾಗ ಕಚೇರಿ ಕೆಲಸಕ್ಕೆಂದು ತೆಗೆಸಿದ ಚಿಕ್ಕ ಫೋಟೊವೇ ಎಷ್ಟೋ ಜನರಿಗೆ ಕೊನೆಯ ಭಾವಚಿತ್ರ.

ನಗರಗಳ ದುಡಿಮೆ ಬದಲಾದಾಗ ಛಾಯಾಗ್ರಾಹಕರು ಸಮಾಜವಿಜ್ಞಾನಿಗಳ ಜೊತೆಗೂಡಿದರು. 1980ರ ದಶಕದಿಂದ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿ ಲಕ್ಷದಷ್ಟು ಕಾರ್ಮಿಕರು ಕೆಲಸ ಕಳೆದುಕೊಂಡರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ಪಾರ್ಥಿವ್ ಶಾ, ಡಚ್ ವಿದ್ವಾಂಸ ಯಾನ್ ಬ್ರೆಮನ್ ಅವರೊಡನೆ ಸೇರಿ ಆ ಕಾರ್ಮಿಕರನ್ನು ಕುರಿತ ಚಿತ್ರಗ್ರಂಥವನ್ನು 2004ರಲ್ಲಿ ತಂದರು. ಅದಕ್ಕೂ ಮುಂಚೆ, 2000ದಲ್ಲಿ, ಸೂರತ್ ಸೇರಿದ ದಕ್ಷಿಣ ಗುಜರಾತಿನ ವಲಸೆ ಕೂಲಿಗಳ ಬದುಕನ್ನು ರವಿ ಅಗರ್‌ವಾಲ್ ಅವರ ಪಟಗಳು ಇನ್ನೊಂದು ಗ್ರಂಥದಲ್ಲಿ ತೋರಿಸಿದ್ದವು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲೇ ಕಲಿತ ದಯಾನಿತಾ ಸಿಂಗ್ ಮುಂದೆ ದೇಶದ ನಗರಗಳ ಸಿರಿವಂತ ಕುಟುಂಬಗಳನ್ನು ಅವರ ಮನೆಯೊಳಗೇ ನಿಲ್ಲಿಸಿ ಭಾವಚಿತ್ರದ ವಸ್ತುವನ್ನೇ ವಿಸ್ತರಿಸಿದರು.

ಸ್ಟುಡಿಯೊ ಭಂಗಿಯನ್ನು ಪ್ರಶ್ನಿಸಿದವರು ವಡೋದರದ ಕಲಾವಿದರು. 1950ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಲಲಿತಕಲಾ ವಿಭಾಗ ಆರಂಭವಾಯಿತು. ಲೆಕ್ಕಪತ್ರದ ಕೆಲಸ ಮಾಡುತ್ತಲೇ ಚಿತ್ರ ಬರೆದ ಭೂಪೇನ್ ಖಖ್ಖರ್ ಗಡಿಯಾರ ರಿಪೇರಿಯವನನ್ನು, ಕ್ಷೌರಿಕನನ್ನು ತಮ್ಮ ಚಿತ್ರಗಳ ನಾಯಕರಾಗಿಸಿದರು. 1972ರ ಪ್ರದರ್ಶನದ ಪುಸ್ತಿಕೆಗೆ ತಾವೇ ಜೇಮ್ಸ್ ಬಾಂಡ್ ಮುಂತಾದ ವೇಷ ಹಾಕಿ ಪಟ ತೆಗೆಸಿಕೊಂಡರು. ಜ್ಯೋತಿ ಭಟ್ 1967ರಿಂದ ಹಳ್ಳಿಗಳಲ್ಲಿ ಸುತ್ತಿ, ಗೋಡೆಯ ಮೇಲಿನ ಚಿತ್ತಾರವನ್ನೂ ಅದನ್ನು ಬರೆದ ಹೆಂಗಸನ್ನೂ ಒಟ್ಟಿಗೆ ಪಟಕ್ಕೆ ತಂದರು. ಬೆಂಗಳೂರಿನ ಎನ್. ಪುಷ್ಪಮಾಲಾ ಇದೇ ವಿ.ವಿ.ಯಲ್ಲಿ ಶಿಲ್ಪಕಲೆ ಕಲಿತವರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000–2004ರಲ್ಲಿ ಮಾಡಿದ ಚಿತ್ರಮಾಲೆಯಲ್ಲಿ ಅವರು ಒಮ್ಮೆ ರವಿವರ್ಮನ ಲಕ್ಷ್ಮಿಯಾದರು, ಒಮ್ಮೆ ವಸಾಹತು ಅಧಿಕಾರಿಗಳು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳೆದ ಬುಡಕಟ್ಟು ಹೆಣ್ಣಾದರು. ಜಾನ್ಸನ್ನನ ಕಾಲದಿಂದ ಬಂದ 'ಮಾದರಿ' ಪಟದೊಳಗೆ ತಾನೇ ಬೇಕೆಂದು ನಿಂತು, ಅದರ ಕಟ್ಟುಪಾಡನ್ನು ಬಯಲಿಗೆಳೆದ ಕೆಲಸವದು.

ಪಟ ಸಾಕ್ಷಿ ಹೌದು, ಆದರೆ ಪೂರ್ಣ ಸತ್ಯವಲ್ಲ. ತೊಟ್ಟ ಕೋಟು ಸ್ಟುಡಿಯೊದವನದ್ದಿರಬಹುದು, ಹಿಂದಿನ ಅರಮನೆ ಬಟ್ಟೆಯ ಮೇಲೆ ಬರೆದದ್ದಿರಬಹುದು, ಸುಕ್ಕುಗಳನ್ನು ಪೆನ್ಸಿಲಿನಿಂದ ನೆಗೆಟಿವ್ ಮೇಲೆ ತಿದ್ದಿರಬಹುದು. ಹಾಗೆಂದು ಅದು ನಿರುಪಯೋಗಿಯಲ್ಲ. ಜನ ಹೇಗಿದ್ದರು ಎಂಬುದರ ಜೊತೆಗೆ ಹೇಗೆ ಕಾಣಬಯಸಿದರು ಎಂಬುದನ್ನೂ ಅದು ಹೇಳುತ್ತದೆ. ಈಗ ಮೊಬೈಲು ಎಲ್ಲರ ಕೈಗೂ ಬಂದು ಸ್ಟುಡಿಯೊಗಳು ಝೆರಾಕ್ಸ್ ಅಂಗಡಿಗಳಾಗುತ್ತಿವೆ. ಹಳೆಯ ನೆಗೆಟಿವ್‌ಗಳು ರದ್ದಿಗೆ ಹೋಗುತ್ತಿವೆ. ಜ್ಯೋತಿ ಭಟ್ಟರ ಸಂಗ್ರಹವನ್ನು ಏಷ್ಯಾ ಆರ್ಟ್ ಆರ್ಕೈವ್ ಡಿಜಿಟಲ್ ಮಾಡಿದೆ. ಹೋಮಾಯ್ ಅವರ ಸಂಗ್ರಹ ಅಲ್ಕಾಜಿ ಪ್ರತಿಷ್ಠಾನದಲ್ಲಿದೆ. ಸಾಮಾನ್ಯ ಕುಟುಂಬಗಳ ಪಟಗಳಿಗೆ ಮಾತ್ರ ಅವರ ಮನೆಯೇ ಸಂಗ್ರಹಾಲಯ. ಪಟದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ, ಸಂದರ್ಭ ಬರೆದು, ಸ್ಟುಡಿಯೊದ ಮೊಹರು ಇದ್ದರೆ ಅದನ್ನು ಅಳಿಸದೆ ಇಟ್ಟು, ತೇವ ಮತ್ತು ಬಿಸಿಲಿನಿಂದ ದೂರ ಕಾಪಾಡಿದರೆ ಅದು ಚರಿತ್ರೆಯ ಆಕರವಾಗುತ್ತದೆ. ಹೆಸರು ಕಳೆದುಕೊಂಡ ಪಟ ಮತ್ತೆ 1863ರ ಸ್ಥಿತಿಗೇ ಮರಳುತ್ತದೆ: ಒಂದು ಜಾತಿಯ, ಒಂದು ಕಾಲದ, ಒಂದು ಉಡುಪಿನ ಮಾದರಿ ಮಾತ್ರ.